ಐದು ಪರದೆ, ಒಂದು ದಿಗಂತ

ಆ ದಿನ ಬೆಳಗಾವಿಯಲ್ಲಿ ಮಂಜು ಬೀಳಲಿಲ್ಲ. ಮಾರ್ಗಶಿರ ಮಾಸದಲ್ಲಿ ಹೊತ್ತು ಹುಟ್ಟಿ ಮಾರುದ್ದ ಏರುವ ತನಕ ಖಾಸಬಾಗದ ಓಣಿಗಳಲ್ಲಿ ಎದುರಿಗೆ ಬಂದವರ ಮುಖ ಕಾಣದಂತೆ ಮಂಜು ಕವಿದಿರುವುದು ವಾಡಿಕೆ. ಅಂದು ಮಾತ್ರ ಯಾರೋ ಒದ್ದೆ ಅರಿವೆಯಿಂದ ಒರೆಸಿಟ್ಟ ತಾಟಿನ ಹಾಗೆ ಆಕಾಶ ತಿಳಿಯಾಗಿತ್ತು. ಗಿರಣಿಯ ಮೆಟ್ಟಿಲ ಮೇಲೆ ನಿಂತರೆ ಯಳ್ಳೂರ ಗುಡ್ಡದ ಕೋಟೆಯ ಗೋಡೆಯೂ ಕಾಣುತ್ತಿತ್ತು. ಗಾಳಿಯೂ ಇರಲಿಲ್ಲ. ಮಂಜಾದರೂ ಇದ್ದಿದ್ದರೆ ತಪ್ಪನ್ನು ಮಂಜಿನ ತಲೆಗೆ ಕಟ್ಟಬಹುದಿತ್ತು ಎಂದು ಆಮೇಲೆ ಜನ ಆಡಿಕೊಂಡರು. ದೇವರು ಅಂದು ಯಾರಿಗೂ ಒಂದು ನೆಪವನ್ನೂ ಉಳಿಸಿರಲಿಲ್ಲ.

ದಾನಮ್ಮ ಗಿರಣಿ ಶುರು ಮಾಡಿ, ಓಣಿಯ ಬಾಳವ್ವನ ಜೋಳದ ಡಬ್ಬಿಯನ್ನು ಎತ್ತಿ ಸುರುವಿದಳು. ಮಾಳಿಗೆಯ ಮೇಲಿನ ಕೋಣೆಯಿಂದ ತಾಯಿ ಕಾಶವ್ವನ ದನಿ ಕೇಳಿಸಿತು: ‘ದಾನವ್ವಾ, ನಿನ್ನ ತಮ್ಮ ಎದ್ದ ನೋಡು.’ ವಿಮಾನ ನೆಲ ಬಿಟ್ಟಿತು ಎಂಬುದನ್ನು ಕಾಶವ್ವ ದಿನವೂ ಹೇಳುತ್ತಿದ್ದದ್ದು ಹಾಗೆಯೇ. ಬಾಳವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕಳು.

‘ನಿನ್ನ ತಮ್ಮ ಸತ್ತ ಮ್ಯಾಲೂ ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಹೋಗ್ತಾನ. ನನ್ನ ಗಂಡ ಬದುಕಿದ್ದೂ ಹಾಸಿಗಿ ಬಿಟ್ಟು ಏಳೂದಿಲ್ಲ.’

ದಾನಮ್ಮನೂ ನಕ್ಕಳು. ಇಂಥ ಮಾತಿಗೆ ನಗುವಷ್ಟು ಆ ಮನೆ ತನ್ನ ದುಃಖಕ್ಕೆ ಒಗ್ಗಿಹೋಗಿತ್ತು. ಅದಕ್ಕೆ ಕಾರಣ ಮೇಲಿನ ಕೋಣೆಯ ಐದು ಪರದೆಗಳು, ಮತ್ತು ಆ ಪರದೆಗಳ ಮೇಲೆ ಓಡಾಡುವ ಅರಿಶಿನ ಬಣ್ಣದ ಒಂದು ಚುಕ್ಕಿ.

ಆ ಚುಕ್ಕಿ ಏನೆಂದು ಮೊದಲು ಹೇಳಬೇಕು. ಗುರುಪಾದ ದಾನಮ್ಮನ ಒಬ್ಬನೇ ತಮ್ಮ. ವಿಮಾನ ನಡೆಸಬೇಕೆಂಬುದು ಅವನಿಗೆ ಹುಟ್ಟಿನಿಂದ ಬಂದ ಹುಚ್ಚು. ಕೆಂಪು, ಹಸಿರು ಎರಡೂ ಅವನ ಕಣ್ಣಿಗೆ ಒಂದೇ ಆಗಿ ಕಾಣುತ್ತಿದ್ದುದರಿಂದ ವೈದ್ಯಕೀಯ ಪರೀಕ್ಷೆಯಲ್ಲೇ ಅವನನ್ನು ಹೊರಹಾಕಿದರು. ಅವನು ಅಳಲಿಲ್ಲ. ಮುಚ್ಚಿಹೋದ ಒಂದು ಕಂಪ್ಯೂಟರ್ ತರಬೇತಿ ಶಾಲೆಯಿಂದ ಹಳೆಯ ಐದು ಮಾನಿಟರುಗಳನ್ನು ಹೊತ್ತುಕೊಂಡು ಬಂದ. ಗಿರಣಿಯ ಹಳೆ ಕಬ್ಬಿಣದ ಚೌಕಟ್ಟಿಗೆ ಅವುಗಳನ್ನು ಅರ್ಧಚಂದ್ರದ ಹಾಗೆ ಬಿಗಿದ. ನಡುವಿನದು ವಿಮಾನದ ಮುಂದಿನ ಕಿಟಕಿ. ಎಡಕ್ಕೆ ಎರಡು, ಬಲಕ್ಕೆ ಎರಡು ಪಕ್ಕದ ಕಿಟಕಿಗಳು. ಕೈಗೊಂದು ಕೋಲು, ಕಾಲಿಗೆ ಪೆಡಲು, ಕಣ್ಣು ಎಲ್ಲಿ ಹೊರಳಿತೆಂದು ಗುರುತಿಸುವ ಒಂದು ಚಿಕ್ಕ ಕ್ಯಾಮೆರಾ. ಕೆಳಗೆ ಗಿರಣಿ ನಡೆಯುವಾಗ ಮೇಲಿನ ನೆಲ ಸಣ್ಣಗೆ ನಡುಗುತ್ತಿತ್ತು. ಆ ನಡುಕವೇ ತನ್ನ ವಿಮಾನದ ಎಂಜಿನ್ ಎಂದು ಅವನು ಹೇಳುತ್ತಿದ್ದ. ಸಂಜೆ ಲಿಂಗಪೂಜೆ ಮುಗಿಸಿ, ಪರದೆಗಳ ಮೇಲೆ ಕೂತ ಹಿಟ್ಟಿನ ಧೂಳನ್ನು ಒರೆಸಿ ಕೂತನೆಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಒಮ್ಮೆಯೂ ನಿಜವಾದ ವಿಮಾನ ಹತ್ತದ ಆ ಹುಡುಗ ಹಿಮಾಲಯದ ಕಣಿವೆಗಳಲ್ಲಿ, ಅರಬ್ಬಿ ಸಮುದ್ರದ ಬಿರುಗಾಳಿಯಲ್ಲಿ ಸಾವಿರಾರು ಸಲ ಇಳಿದು ಬಂದಿದ್ದ.

ಆ ಕಾಲಕ್ಕೆ ಊರ ಹೊರಗೆ ಗಗನಸೇವಾ ಕೇಂದ್ರ ಹುಟ್ಟಿಕೊಂಡಿತು. ಅಥಣಿ, ರಾಯಬಾಗ, ರಾಮದುರ್ಗದಂಥ ಕಡೆಯಿಂದ ರೋಗಿಗಳನ್ನು ಹೊತ್ತು ತರುವ ಸಣ್ಣ ವಿಮಾನಗಳು. ಪೈಲಟ್ ಇಲ್ಲ, ಪೈಲಟ್ ಕೂರುವಲ್ಲಿ ರೋಗಿಯ ಹಾಸಿಗೆ. ಯಂತ್ರಕ್ಕೆ ಕ್ಯಾಮೆರಾಗಳಿದ್ದವು, ಎಲ್ಲವೂ ಅದಕ್ಕೆ ಕಾಣುತ್ತಿತ್ತು. ಎಲ್ಲವೂ ಕಂಡರೆ ಏನೂ ತಿಳಿಯುವುದಿಲ್ಲ ಎಂಬುದೇ ಅದರ ಕಷ್ಟ. ಜಾತ್ರೆಯಲ್ಲಿ ಕಳೆದುಹೋದ ಕೂಸಿನ ಹಾಗೆ ಅದು ಎಲ್ಲ ಕಡೆಯೂ ನೋಡುತ್ತ ನಿಂತುಬಿಡುತ್ತಿತ್ತು. ಅಷ್ಟನ್ನೂ ಒಟ್ಟಿಗೆ ಅಳೆದು ನೋಡುವ ದೊಡ್ಡ ಗಣಕವನ್ನು ಅಂಥ ಚಿಕ್ಕ ವಿಮಾನ ಹೊರಲಾರದು. ಯಾವಾಗ ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಯಾವುದನ್ನು ಬಿಡಬೇಕು ಎಂಬ ಜಾಣತನ ಮನುಷ್ಯನ ಕಣ್ಣಿಗೆ ಮಾತ್ರ ಅಭ್ಯಾಸದಿಂದ ಬರುತ್ತದೆ. ಕೇಂದ್ರದ ವಿಜ್ಞಾನಿ ಡಾಕ್ಟರ್ ಅನಸೂಯಾ ಕಲಘಟಗಿ ಆ ಜಾಣತನವನ್ನು ಮನೆಯಲ್ಲಿ ಕೂತು ವಿಮಾನದ ಆಟ ಆಡುವವರಿಂದ ಬೇಡಿ ಪಡೆದರು. ವರ್ಷಗಟ್ಟಲೆ ಅವರ ಕಣ್ಣು ಹೊರಳಿದ ಜಾಡನ್ನೆಲ್ಲ ಕೂಡಿಸಿ ಯಂತ್ರಕ್ಕೆ ಕಲಿಸಿದರು. ಅದಕ್ಕೆ ಅವರು ಇಟ್ಟ ಹೆಸರು ‘ನೋಟ’.

ನೋಟ ಕೊಟ್ಟವರು ನಾಡಿನ ತುಂಬ ಇದ್ದರು. ಅವರಲ್ಲೆಲ್ಲ ಗುರುಪಾದನ ನೋಟವೇ ನಿಚ್ಚಳ. ಅದನ್ನು ಹೊತ್ತ ವಿಮಾನಗಳು ಆಕಾಶಕ್ಕೆ ಏರುವ ಮೊದಲೇ, ಒಂದು ಬೇಸಿಗೆಯಲ್ಲಿ, ಹೃದಯ ನಿಂತು ಅವನು ಹೋಗಿಬಿಟ್ಟ. ಮೂವತ್ತೂ ತುಂಬಿರಲಿಲ್ಲ. ಕೇಂದ್ರದವರು ಮನೆಗೆ ಬಂದು ಕೈಮುಗಿದು, ನಿಮ್ಮ ಮಗನ ನೋಟ ಹಾರುವಾಗಲೆಲ್ಲ ಅದು ಕಂಡದ್ದು ಈ ಪರದೆಗಳ ಮೇಲೆ ಮೂಡುವ ಹಾಗೆ ಮಾಡುತ್ತೇವೆ ಎಂದರು. ಹಾಗೆಯೇ ಮಾಡಿದರು. ನೋಟ ಎಲ್ಲಿ ನೆಟ್ಟಿದೆಯೋ ಅಲ್ಲಿ ಅರಿಶಿನದ ಚುಕ್ಕಿ. ಇಳಿಯುವ ಮುನ್ನ ಅದು ಒಮ್ಮೆ ಎಡಗಡೆ ಕೆಳಗೆ ಬಾಗಿ ನೋಡುತ್ತಿತ್ತು, ಥೇಟ್ ಗುರುಪಾದನೇ. ಕಾಶವ್ವ ಅಂಗೈಯೊಳಗಿನ ಲಿಂಗವನ್ನು ನೋಡುವಷ್ಟೇ ನೆಟ್ಟ ಕಣ್ಣಿನಿಂದ ಆ ಚುಕ್ಕಿಯನ್ನು ನೋಡುತ್ತ ಕೂರುವಳು. ಮಗ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವನ ನೋಡುವಿಕೆ ಇನ್ನೂ ಇದೆ ಎಂಬುದೂ ಗೊತ್ತಿತ್ತು. ಈ ಎರಡರ ನಡುವೆ ಅವಳು ಬದುಕಿದ್ದಳು.

ಬಾಳವ್ವನ ಜೋಳ ಇನ್ನೂ ಅರ್ಧ ಇಳಿದಿರಲಿಲ್ಲ. ಮೇಲಿನಿಂದ ಮತ್ತೆ ದನಿ ಬಂತು. ಈ ಸಲ ಅದು ಗಟ್ಟಿಯಾಗಿರಲಿಲ್ಲ.

‘ದಾನವ್ವಾ, ಚುಕ್ಕಿ ನಿಂತತಿ.’

ದಾನಮ್ಮ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿದಳು. ಐದೂ ಪರದೆ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಕರೆಂಟ್ ಹೋಗಿರಬೇಕು ಎಂದಳು ಕಾಶವ್ವ. ಕಾಲ ಕೆಳಗೆ ನೆಲ ನಡುಗುತ್ತಿತ್ತು. ಗಿರಣಿ ತಿರುಗುತ್ತಲೇ ಇತ್ತು.

ಮಧ್ಯಾಹ್ನದೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಅಥಣಿ ಕಡೆಯಿಂದ ಹಾವು ಕಚ್ಚಿದ ಒಬ್ಬ ಹೆಣ್ಣುಮಗಳನ್ನು ತರುತ್ತಿದ್ದ ವಿಮಾನಕ್ಕೆ, ಕಬ್ಬಿಗೆ ಔಷಧ ಹೊಡೆಯುವ ಇನ್ನೊಂದು ಮಾನವರಹಿತ ವಿಮಾನ ಬಂದು ಬಡಿದಿತ್ತು. ಅದು ತನ್ನ ಇರವನ್ನು ಸಾರುವ ಸಂಕೇತ ಕಳಿಸುತ್ತಿರಲಿಲ್ಲ. ರೋಗಿಯೂ ಜೊತೆಗಿದ್ದ ನರ್ಸೂ ಉಳಿಯಲಿಲ್ಲ.

ತಮ್ಮನ ನೋಡುವ ರೀತಿ ಬಲ್ಲವರು ಒಬ್ಬರು ಬೇಕು ಎಂದು ಕೇಂದ್ರದವರು ದಾನಮ್ಮನನ್ನು ಕರೆಸಿಕೊಂಡರು. ನಿಯಂತ್ರಣ ಕೋಣೆಯಲ್ಲಿ ತಣ್ಣಗೆ ಎ.ಸಿ. ಬೀಸುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಅಂದು ಕಾವಲಿಗೆ ಕೂತಿದ್ದ ಮಕ್ತುಮಸಾಬ ನದಾಫ ತಲೆ ತಗ್ಗಿಸಿ ಕೂತಿದ್ದ. ನಲವತ್ತರ ಆಸುಪಾಸಿನ, ಕನ್ನಡಕದ ಮನುಷ್ಯ. ನೋಟ ತಪ್ಪಿದರೆ ಕೈಹಾಕಿ ವಿಮಾನವನ್ನು ತಿರುಗಿಸುವುದಷ್ಟೇ ಅವನ ಕೆಲಸ. ಅವನು ಕೈಹಾಕಿರಲಿಲ್ಲ. ತನಿಖೆಯವರು ಅವನನ್ನು ಕೇಳಿದ್ದನ್ನೇ ಕೇಳಿದ್ದರು: ಎದ್ದು ಹೋಗಿದ್ದೆಯಾ, ತೂಕಡಿಸಿದೆಯಾ, ಫೋನು ನೋಡುತ್ತಿದ್ದೆಯಾ. ಮೊದಮೊದಲು ಇಲ್ಲ ಎಂದವನು ಈಗ ಬೇರೆ ಮಾತು ಹೇಳತೊಡಗಿದ್ದ.

‘ರೆಪ್ಪಿ ಬಡದಿರಬೇಕ್ರಿ,’ ಎಂದ, ಯಾರೂ ಕೇಳದೆ, ದಾನಮ್ಮನ ಕಡೆ ತಿರುಗಿ. ‘ನಾ ನೋಡಾಕತ್ತಿದ್ದೆ ಅಂತ ನನಗ ನೆನಪೈತಿ. ಆದರ ನೋಡಿದ್ರ ಕಾಣಬೇಕಿತ್ತಲ್ರಿ. ಕಾಣಲಿಲ್ಲ ಅಂದ ಮ್ಯಾಲ ನೋಡಿಲ್ಲ ಅಂತಾತು.’

ಡಾಕ್ಟರ್ ಅನಸೂಯಾ ಒಂದು ಅಗಲವಾದ ಪರದೆಯ ಮೇಲೆ, ಬಿದ್ದ ವಿಮಾನದಿಂದ ತೆಗೆದ ಚಿತ್ರವನ್ನು ಓಡಿಸಿ ತೋರಿಸಿದರು. ತಿಳಿ ಆಕಾಶ. ನಡುವಿನಿಂದ ಸ್ವಲ್ಪ ಎಡಕ್ಕೆ, ದಿಗಂತಕ್ಕೆ ತಾಗಿ, ಒಂದು ಕಪ್ಪು ಕಾಳು. ಅದು ಕದಲಲಿಲ್ಲ. ದಾನಮ್ಮ ಉಸಿರು ಹಿಡಿದು ನೋಡಿದಳು. ಕಾಳು ಅಲ್ಲೇ ಇತ್ತು. ಕಡೆಗಳಿಗೆಯಲ್ಲಿ ಮಾತ್ರ ಅದು ಊದಿಕೊಂಡು ಕಿಟಕಿ ತುಂಬ ಆಯಿತು.

‘ಇದರಾಗ ಒಂದು ಗುಟ್ಟದ, ದಾನಮ್ಮ,’ ಎಂದರು ಡಾಕ್ಟರು. ‘ನಮ್ಮನ್ನ ದಾಟಿ ಹೋಗೂ ವಸ್ತು ಕಿಟಕಿಯೊಳಗ ಸರದಾಡತದ. ನಮಗ ಬಡಿಯಾಕ ಬರೂದು ಮಾತ್ರ ಕಿಟಕಿಯೊಳಗ ಒಂದ ಕಡೆ ನಿಂತಿರ್ತದ. ಎರಡು ಸೈಕಲ್ಲು ಎರಡು ಓಣಿಯಿಂದ ಬಂದು ಒಂದ ಮೂಲ್ಯಾಗ ಕೂಡೂ ಹಂಗ. ಅದಕ್ಕ ಕಣ್ಣಿಗೆ ಬೀಳೂದು ಕಷ್ಟ. ಆದರ ಗುರುಪಾದನ ನೋಟ ಎಂಥಾ ಸಣ್ಣದನ್ನೂ ಬಿಡ್ತಿರಲಿಲ್ಲ. ಇಲ್ಲಿ ನೋಡ್ರಿ, ಚುಕ್ಕಿ ಈ ಕಾಳಿನ ಈ ಬದಿಗೆ ಬಂತು, ಆ ಬದಿಗೆ ಜಿಗೀತು. ಇದರ ಮ್ಯಾಲ ಒಮ್ಮೆನೂ ಕೂಡಲಿಲ್ಲ. ಯಾಕ?’

ನೋಟ ಕಣ್ಣಿಟ್ಟ ಜಾಗದ ಚಿತ್ರವಷ್ಟೇ ಆಕಾಶದಿಂದ ಸ್ಪಷ್ಟವಾಗಿ ನೆಲಕ್ಕೆ ಬರುತ್ತಿತ್ತು, ಉಳಿದದ್ದೆಲ್ಲ ಮಸುಕು. ಅಷ್ಟೇ ಸಂದೇಶ ಹೊರುವ ಶಕ್ತಿ ಆ ತೆಳು ಸಂಪರ್ಕಕ್ಕಿತ್ತು. ಹಾಗಾಗಿ ನೋಟ ನೋಡದ್ದು ಕಾವಲಿನವನಿಗೂ ಮಸುಕಾಗಿಯೇ ಬಂದಿತ್ತು. ಆದರೂ ಎಚ್ಚರವಾಗಿದ್ದವನಿಗೆ ಮಸುಕಿನಲ್ಲೊಂದು ಕಲೆಯಾದರೂ ಕಾಣಬೇಕಿತ್ತು ಎಂಬುದು ತನಿಖೆಯವರ ವಾದ.

ದಾನಮ್ಮ ಆ ಕಾಳಿನ ಜಾಗವನ್ನೇ ನೋಡುತ್ತಿದ್ದಳು. ನಡುವಿನಿಂದ ಎಡಕ್ಕೆ, ಇಷ್ಟು. ಆ ‘ಇಷ್ಟು’ ಅವಳಿಗೆ ಗೊತ್ತಿತ್ತು. ದಿನವೂ ಅರಿವೆ ಹಿಡಿದು ಅಲ್ಲಿಯ ಧೂಳನ್ನು ಅವಳೇ ಒರೆಸುತ್ತಿದ್ದಳು.

ಡಾಕ್ಟರು ಕೇಳಬೇಕಾದ್ದನ್ನೂ ಕೇಳಿದರು. ಹಳೆಯ ಮಾನಿಟರುಗಳ ಅಂಚು ದಪ್ಪ. ಎರಡು ಮಾನಿಟರು ಕೂಡುವಲ್ಲಿ ನಾಲ್ಕು ಬೆರಳಿನಷ್ಟು ಕಪ್ಪು ಸಂದು. ಆ ಸಂದಿಗೆ ಎರಡು ಬಗೆ ಉಪಾಯ. ಗಣಕದಲ್ಲಿ ಸಂದಿನ ಅಳತೆಯನ್ನು ಸೊನ್ನೆ ಇಟ್ಟರೆ ಚಿತ್ರದ ಒಂದು ಎಳೆಯೂ ನಷ್ಟವಾಗುವುದಿಲ್ಲ, ಆದರೆ ಸಂದಿನಲ್ಲಿ ದಿಗಂತ ಮೆಟ್ಟಿಲಿನ ಹಾಗೆ ಮುರಿಯುತ್ತದೆ. ಸಂದಿನ ಅಳತೆಯನ್ನೇ ತುಂಬಿದರೆ ದಿಗಂತ ಒಂದೇ ಗೆರೆಯಾಗಿ ಹರಿಯುತ್ತದೆ, ಆದರೆ ಆ ನಾಲ್ಕು ಬೆರಳಿನಷ್ಟು ಆಕಾಶ ಅಂಚಿನ ಹಿಂದೆ ಅಡಗಿಬಿಡುತ್ತದೆ. ನೋಟ ಕೊಡುವವರೆಲ್ಲ ಸೊನ್ನೆಯೇ ಇಡಬೇಕು ಎಂದು ಕೇಂದ್ರದ ಕಟ್ಟಪ್ಪಣೆ ಇತ್ತು.

‘ಗುರುಪಾದ ಸೊನ್ನೆ ಇಟ್ಟೀನಿ ಅಂತ ಹೇಳಿದ್ದ. ಹೌದಲ್ರಿ?’

‘ಹೌದ್ರಿ,’ ಎಂದಳು ದಾನಮ್ಮ. ‘ಸೊನ್ನೀನ.’

ಹೇಳುವಾಗ ಅವಳ ದನಿ ನಡುಗಲಿಲ್ಲ. ಅಲ್ಲಿಂದ ನೇರ ಮನೆಗೆ ಬಂದಳು.

ಸುಳ್ಳು ಯಾಕೆ ಹೇಳಿದಳು ಎಂಬುದು ಅವಳಿಗೆ ತಿಳಿದೇ ಇತ್ತು. ಕೇಂದ್ರದ ಅಪ್ಪಣೆ ಬಂದ ದಿನ ಗುರುಪಾದ ಸೊನ್ನೆ ಇಟ್ಟು ನೋಡಿದ್ದ. ಅಕ್ಕನನ್ನು ಕರೆದು ತೋರಿಸಿದ್ದ. ಸಮುದ್ರದ ಅಂಚು ನಾಲ್ಕು ಕಡೆ ಕಡಿದು ನಿಂತಿತ್ತು. ‘ದೇವರು ಒಂದ ಗೆರಿ ಎಳದಾನ, ಇವರು ಐದು ತುಂಡು ಮಾಡ ಅಂತಾರ. ನನ್ನ ಕೈಲೆ ಆಗೂದಿಲ್ಲಕ್ಕ,’ ಎಂದು ಮೊದಲಿನ ಅಳತೆಗೇ ಮರಳಿ ಇಟ್ಟಿದ್ದ. ನಾಲ್ಕು ಬೆರಳು ಆಕಾಶದಿಂದ ಏನು ಹೋಗುತ್ತದೆ ಎಂದು ಇಬ್ಬರೂ ನಕ್ಕಿದ್ದರು. ಪೈಲಟ್ ಆಗಿ ಕಲಿತವನಾಗಿದ್ದರೆ ಕಿಟಕಿಯ ಕಂಬದ ಹಿಂದೆ ಕತ್ತು ಹೊರಳಿಸಿ ನೋಡು ಎಂದು ಗುರುವಾದವನು ತಲೆಗೆ ಮೊಟಕಿ ಹೇಳಿಕೊಡುತ್ತಿದ್ದ. ಮನೆಯಲ್ಲಿ ಕೂತು ಹಾರಿದವನಿಗೆ ಹೇಳುವವರು ಯಾರು? ಎಷ್ಟೋ ವರ್ಷ ಆ ಸಂದಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದ್ದರಿಂದ ಕಣ್ಣು ಅದನ್ನು ದಾಟಿ ಜಿಗಿಯಲು ಕಲಿಯಿತು. ಕಣ್ಣು ಕಲಿತದ್ದನ್ನು ನೋಟವೂ ಕಲಿಯಿತು. ಈಗ ಆ ನೋಟ ಹೊತ್ತ ವಿಮಾನಗಳಲ್ಲಿ ಪರದೆಯೂ ಇಲ್ಲ, ಅಂಚೂ ಇಲ್ಲ. ಆದರೂ ಅವು ಎಲ್ಲಿ ಹಾರಿದರೂ ನಾಲ್ಕು ಬೆರಳು ಕುರುಡನ್ನು ಜೊತೆಗೇ ಒಯ್ಯುತ್ತಿದ್ದವು.

ಮೇಲಿನ ಕೋಣೆಗೆ ಹೋಗಿ ತಮ್ಮನ ಕುರ್ಚಿಯಲ್ಲಿ ಕೂತು, ಕೈ ಮುಂದೆ ಚಾಚಿ ಮುಷ್ಟಿಯಿಂದ ಅಳೆದಳು. ಕಾಳು ನಿಂತ ಜಾಗವೂ ಸಂದಿನ ಜಾಗವೂ ಒಂದೇ.

ಹೇಳಿದರೆ ಏನಾಗುತ್ತದೆಂಬುದೂ ಅವಳಿಗೆ ಗೊತ್ತಿತ್ತು. ಗುರುಪಾದನ ನೋಟವನ್ನು ದೀಪದ ಹಾಗೆ ಆರಿಸಿಬಿಡುತ್ತಾರೆ. ಅವ್ವ ಬೂದಿ ಬಣ್ಣದ ಪರದೆಗಳ ಮುಂದೆ ಕೂರುತ್ತಾಳೆ. ಇಬ್ಬರನ್ನು ಕೊಂದವನು ಎಂದು ತಮ್ಮನ ಹೆಸರು ಹೇಳುತ್ತಾರೆ. ಹೇಳದಿದ್ದರೆ ಆ ಕಾವಲಿನವನ ಹೆಸರು ಹೇಳುತ್ತಾರೆ. ಅವನು ಇವಳಿಗೆ ಯಾರು?

ತನಿಖೆ ಮುಗಿಯಿತು. ಮಕ್ತುಮಸಾಬನ ಅಲಕ್ಷ್ಯವೇ ಕಾರಣವೆಂದು ತೀರ್ಮಾನವಾಗಿ ಅವನನ್ನು ಮನೆಗೆ ಕಳಿಸಿದರು. ನಿಲ್ಲಿಸಿದ್ದ ವಿಮಾನಗಳು ಸೋಮವಾರದಿಂದ ಮತ್ತೆ ಹಾರುತ್ತವೆ ಎಂದು ಸುದ್ದಿ ಬಂತು. ಕಾಶವ್ವ ಪರದೆಗಳನ್ನು ತಾನೇ ಒರೆಸಿ ವಿಭೂತಿ ಹಚ್ಚಿದಳು. ಸೋಮವಾರ ಶಿವನ ವಾರ, ಒಳ್ಳೆಯದೇ ಆಯಿತು ಎಂದಳು. ಆ ಮುಖದ ಹಿಗ್ಗನ್ನು ನೋಡಲಾರದೆ ದಾನಮ್ಮ ಕೆಳಗಿಳಿದು ಬಂದಳು.

ಗಿರಣಿಯಲ್ಲೂ ಅದೇ ಮಾತು. ಕಾವಲಿನವನು ಮಲಗಿಬಿಟ್ಟಿದ್ದನಂತೆ, ಗೊರಕೆ ಹೊಡೆಯುತ್ತಿದ್ದನಂತೆ, ಇನ್ನೊಂದು ದಿನ ಬಂದ ಮಾತು, ಕುಡಿದಿದ್ದನಂತೆ. ಹಿಟ್ಟಿಗೆ ಕಾದು ನಿಂತವರ ಬಾಯಲ್ಲಿ ಮಾತು ಬೆಳೆಯುತ್ತಲೇ ಹೋಯಿತು. ದಾನಮ್ಮ ಕೇಳಿಯೂ ಕೇಳದವಳ ಹಾಗೆ ಡಬ್ಬಿಗಳನ್ನು ಸರಿಸುತ್ತಿದ್ದಳು. ಅವಳ ಅಪ್ಪನ ಕಾಲದಿಂದ ಆ ಗಿರಣಿಗೊಂದು ನೇಮವಿತ್ತು: ಜೋಳ ಬೀಸಿದ ಮೇಲೆ ಗೋಧಿ ಹಾಕುವಾಗ ಮೊದಲ ಹಿಡಿ ಗೋಧಿ ಮನೆಯದೇ ಹಾಕಿ, ಕಲ್ಲಿನೊಳಗೆ ಉಳಿದದ್ದನ್ನು ಕಳೆದು, ಆ ಹಿಟ್ಟನ್ನು ದನಕ್ಕೆ ಎತ್ತಿಡಬೇಕು. ಅಂದು ಅವಳು ಅದನ್ನು ಮರೆತಳು. ಬಾಳವ್ವ ತನ್ನ ಗೋಧಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು, ಬೆರಳಿಗೆ ಹಿಟ್ಟು ಹಚ್ಚಿ ನೋಡಿದಳು.

‘ಇದರಾಗ ಜೋಳದ ಹಿಟ್ಟು ಬಂದೈತಲ್ಲೇ. ಹಿಂದಿನವರದು ನನಗ್ಯಾಕ ತಿನ್ನಸ್ತಿ? ನಿಮ್ಮಪ್ಪ ಇದ್ದಿದ್ರ ಹಿಂಗ ಮಾಡ್ತಿದ್ನೇನು?’

ತಮಾಷೆಗೆ ಅಂದ ಮಾತು. ದಾನಮ್ಮ ಗಿರಣಿ ಬಂದ್ ಮಾಡಿದಳು. ಕಲ್ಲು ತಿರುಗುತ್ತ ತಿರುಗುತ್ತ ನಿಂತಿತು. ಇವತ್ತಿಗೆ ಸಾಕು, ನಾಳೆ ಬನ್ನಿ ಎಂದು ಕಾದು ನಿಂತ ಹೆಂಗಸರಿಗೆಲ್ಲ ಹೇಳಿ, ಬಾಳವ್ವನಿಗೆ ಮನೆಯ ಗೋಧಿ ಹಿಟ್ಟನ್ನು ಅಳೆದು ಕೊಟ್ಟು, ಬಾಗಿಲು ಎಳೆದುಕೊಂಡಳು.

ಕಾಶವ್ವ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ದಾನಮ್ಮ ಅವಳ ಮುಂದೆ ನೆಲದ ಮೇಲೆ ಕೂತು, ತಾನೂ ನಾಲ್ಕು ಕಾಯಿ ಸುಲಿದು, ಎಲ್ಲವನ್ನೂ ಹೇಳಿದಳು. ಸಂದಿನ ಮಾತು, ಸೊನ್ನೆಯ ಮಾತು, ತಾನು ಹೇಳಿದ ಸುಳ್ಳು. ಕಾಶವ್ವನ ಬೆರಳು ಮಾತ್ರ ಸುಲಿಯುತ್ತಲೇ ಇದ್ದವು. ಕಾಳು ಬುಟ್ಟಿಗೆ, ಸಿಪ್ಪೆ ನೆಲಕ್ಕೆ. ಕಡೆಯ ಕಾಯಿ ಸುಲಿದು ಕೇಳಿದಳು:

‘ನನ್ನ ಮಗಗ ಗೊತ್ತಿತ್ತೇನು?’

‘ಇಲ್ಲವ್ವಾ. ಚಂದ ಕಾಣಲಿ ಅಂತ ಮಾಡಿದ್ದ.’

‘ಚಂದ ಕಾಣಲಿ ಅಂತ,’ ಎಂದಳು ಕಾಶವ್ವ. ಎದ್ದು ಹೋಗಿ ಪರದೆಗಳ ಮುಂದೆ ನಿಂತಳು. ನಡುವಿನ ಪರದೆಗೂ ಎಡಗಡೆಯ ಪರದೆಗೂ ನಡುವಿನ ಕಪ್ಪು ಅಂಚಿನ ಮೇಲೆ ಬೆರಳಾಡಿಸಿದಳು, ಗಾಯ ಮುಟ್ಟಿದ ಹಾಗೆ. ‘ಆ ಕಾವಲಿನಂವಗ ತಾಯಿ ಅದಾಳೇನು?’

ಗೊತ್ತಿಲ್ಲ ಎಂದಳು ದಾನಮ್ಮ.

‘ಇದ್ದರ ಆಕಿನೂ ಎಲ್ಲೋ ನನ್ನಂಗ ಕುಂತಿರಬೇಕು. ನನ್ನ ಮಗ ಕಣ್ಣು ಮುಚ್ಚಿ ಹೋದ. ಆಕಿ ಮಗ ಕಣ್ಣು ತೆರಕೊಂಡ ಸಾಯಾಕತ್ಯಾನ.’ ಬೆರಳನ್ನು ಅಂಚಿನಿಂದ ತೆಗೆದು ಹೇಳಿದಳು: ‘ಸೋಮವಾರ ಬರೂದ್ರೊಳಗ ಹೋಗಿ ಹೇಳು. ನಾ ಬ್ಯಾಡ ಅಂದ್ರೂ ಹೋಗು.’

ದಾನಮ್ಮ ಅದೇ ಹೊತ್ತಿಗೆ ಹೊರಟಳು. ಡಾಕ್ಟರ್ ಅನಸೂಯಾ ಅವಳ ಮಾತನ್ನು ನಡುವೆ ತಡೆಯದೆ ಕೇಳಿದರು, ಬೈಯಲಿಲ್ಲ. ಪರೀಕ್ಷಾ ಕೋಣೆಯಲ್ಲಿ ಗುರುಪಾದನ ನೋಟವನ್ನು ಎಚ್ಚರಿಸಿ, ಖಾಲಿ ಆಕಾಶದಲ್ಲಿ ಒಂದು ಕಪ್ಪು ಕಾಳನ್ನು ಬಲದಿಂದ ಎಡಕ್ಕೆ ಮೆಲ್ಲಗೆ ಸರಿಸಿದರು. ಅರಿಶಿನದ ಚುಕ್ಕಿ ಕಾಳನ್ನು ನೆರಳಿನಂತೆ ಹಿಂಬಾಲಿಸಿತು. ಸಂದಿನ ಜಾಗಕ್ಕೆ ಬಂದಾಗ ಬಿಟ್ಟುಬಿಟ್ಟಿತು. ಅತ್ತ ಕಡೆ ಹೋಗಿ ಕಾದು ನಿಂತು, ಕಾಳು ಹೊರಬಂದ ಕೂಡಲೇ ಮತ್ತೆ ಹಿಡಿಯಿತು. ಇನ್ನೊಮ್ಮೆ ಸರಿಸಿದರು. ಮತ್ತೂ ಹಾಗೆಯೇ. ಒಬ್ಬ ತರುಣ ಎಂಜಿನಿಯರ್ ಗೋಡೆಯ ಕಡೆ ತಿರುಗಿ ನಿಂತ. ಕಾಳನ್ನು ಸಂದಿನಲ್ಲೇ ನಿಲ್ಲಿಸಿದಾಗ ಚುಕ್ಕಿ ಅದರ ಎರಡು ಬದಿಗೂ ಹುಡುಕಿತು, ನಾಲ್ಕೂ ಕಡೆ ಹುಡುಕಿತು. ಅದರ ಮೇಲೆ ಮಾತ್ರ ಕೂರಲಿಲ್ಲ.

ಅಷ್ಟನ್ನು ಮಾತ್ರ ತಿದ್ದಲು ಬರುವುದಿಲ್ಲವೇ ಎಂದು ದಾನಮ್ಮ ಕೇಳಿದಳು. ಕೇಳುವಾಗ ಅವಳ ಕಣ್ಣಲ್ಲಿದ್ದ ಆಸೆಯನ್ನು ಕಂಡು ಡಾಕ್ಟರು ಅವಳ ಪಕ್ಕಕ್ಕೆ ಬಂದು ಕೂತರು. ನೋಟವೆಂಬುದು ನೇಯ್ದ ಅರಿವೆಯ ಹಾಗೆ, ಒಂದು ಎಳೆ ಎಲ್ಲಿ ಹೊಕ್ಕು ಎಲ್ಲಿ ಹೊರಟಿತೆಂದು ನೇಯ್ದ ನಮಗೇ ತಿಳಿಯುವುದಿಲ್ಲ ಎಂದರು. ತಿದ್ದಬೇಕೆಂದರೆ ಕೊಟ್ಟವನೇ ಮತ್ತೆ ಬಂದು ಕೂತು, ಆ ಸಂದಿನೊಳಗೆ ನೋಡುವುದನ್ನು ಹೊಸದಾಗಿ ಕಲಿಯಬೇಕು.

‘ಅಂವ ಬರಬೇಕಲ್ರಿ,’ ಎಂದಳು ದಾನಮ್ಮ.

‘ಹೌದು,’ ಎಂದರು ಅವರು.

ನೋಟವನ್ನು ಆರಿಸುವ ದಿನ ಡಾಕ್ಟರು ತಾವೇ ಮನೆಗೆ ಬಂದರು. ಹಾರುತ್ತಿರುವ ವಿಮಾನವೇನೂ ಇರಲಿಲ್ಲ. ಎಂದೋ ಚಿತ್ರಿಸಿಟ್ಟ ಒಂದು ಖಾಲಿ ಆಕಾಶವನ್ನು ಐದು ಪರದೆಗಳ ಮೇಲೆ ಹರಡಿ, ಅದರಲ್ಲಿ ಗುರುಪಾದನ ನೋಟವನ್ನು ಬಿಟ್ಟರು. ಚುಕ್ಕಿ ಎದ್ದಿತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಮೇಲಕ್ಕೆ, ಕೆಳಕ್ಕೆ. ಯಾರೂ ಬರುವಂತಿಲ್ಲದ ಆಕಾಶದಲ್ಲಿ ಯಾರೋ ಬಂದಾರೆಂದು ಹುಡುಕುತ್ತಲೇ ಇತ್ತು. ಕಾಶವ್ವ ಅಂಗೈ ಅಗಲಿಸಿ ಎದೆಯ ಮಟ್ಟಕ್ಕೆ ಹಿಡಿದು ಕೂತಿದ್ದಳು. ಅಂಗೈಯಲ್ಲಿ ಲಿಂಗವಿರಲಿಲ್ಲ, ಅದು ಪೂಜೆಯ ಹೊತ್ತಲ್ಲ. ರೂಢಿಯ ಬಲದಿಂದ ಕೈ ಹಾಗೆ ನಿಂತಿತ್ತು.

‘ದಣದಾನ,’ ಎಂದಳು ಕಡೆಗೆ. ‘ಇಷ್ಟು ದಿನ ಒಂದ ಸವನ ನೋಡ್ಯಾನ. ಇನ್ನ ನಿಂದ್ರಲಿ ಬಿಡ್ರಿ.’

ಡಾಕ್ಟರು ಗುಂಡಿ ಒತ್ತಿದರು. ಆಕಾಶ ಹಾಗೆಯೇ ಉಳಿಯಿತು, ಚುಕ್ಕಿ ಹೋಯಿತು. ಕೆಳಗೆ ಗಿರಣಿ ಅಂದು ನಡೆಯುತ್ತಿರಲಿಲ್ಲ. ಕಾಶವ್ವ ಮಗನನ್ನು ಮಣ್ಣು ಮಾಡಿದ ದಿನ ಅತ್ತಿರಲಿಲ್ಲವೆಂದು ಓಣಿಯವರು ಈಗಲೂ ಹೇಳುತ್ತಾರೆ. ಅಂದು ಅತ್ತಳು. ಸಂಜೆಯ ತನಕ ಅತ್ತಳು. ಅಕ್ಕಪಕ್ಕದವರು ಇಂದು ಯಾರು ಹೋದರೆಂದು ಬಾಗಿಲಿಗೆ ಬಂದು ವಿಚಾರಿಸಿ, ಉತ್ತರ ತಿಳಿಯದೆ ಮರಳಿದರು.

ತೀರ್ಮಾನ ತಿದ್ದಿಬರೆಯಲಾಯಿತು. ಕಾವಲಿನವನ ತಪ್ಪಿಲ್ಲವೆಂದು ಪತ್ರಿಕೆಗಳಲ್ಲೂ ಬಂತು. ಆದರೆ ಮಕ್ತುಮಸಾಬ ಕೆಲಸಕ್ಕೆ ಮರಳಲಿಲ್ಲ. ಡಾಕ್ಟರು ಎರಡು ಸಲ ಮನೆಗೆ ಹೋಗಿ ಬಂದರು. ಅವನು ಸೈಕಲ್ ಹತ್ತುವುದನ್ನೂ ಬಿಟ್ಟಿದ್ದಾನಂತೆ. ರಸ್ತೆ ದಾಟುವಾಗ ಹೆಂಡತಿಯ ಕೈ ಹಿಡಿಯುತ್ತಾನಂತೆ. ತಪ್ಪಿಲ್ಲ ಎಂದು ಕಾಗದ ಹೇಳುತ್ತದೆ, ನನ್ನ ಕಣ್ಣು ಹೇಳುವುದಿಲ್ಲ ಎನ್ನುತ್ತಾನಂತೆ. ಡಾಕ್ಟರು ದಾನಮ್ಮನ ಮುಂದೆ ಇದನ್ನು ಹೇಳುವಾಗ ಕಾಶವ್ವ 	ಅಲ್ಲೇ ಇದ್ದಳು.

‘ಇಲ್ಲಿ ಕರಕೊಂಡು ಬರ್ರಿ,’ ಎಂದಳು.

ಒಂದು ಮಧ್ಯಾಹ್ನ ಅವನು ಬಂದ. ಗಿರಣಿಯ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಮೇಲಿನ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಆ ಕುರ್ಚಿ ಯಾರದೆಂದು ತಿಳಿದವನಾಗಿ, ನಿಂತೇ ಇದ್ದ. ಕಾಶವ್ವ ಅವನ ರಟ್ಟೆ ಹಿಡಿದು ಕೂರಿಸಿದಳು. ಡಾಕ್ಟರು ಬಿದ್ದ ವಿಮಾನದಿಂದ ತೆಗೆದ ಚಿತ್ರವನ್ನು ಪರದೆಗಳ ಮೇಲೆ ಓಡಿಸಿದರು. ಮಸುಕಿಲ್ಲದ, ಪೂರ್ತಿ ಚಿತ್ರ. ಗುರುಪಾದ ಇಟ್ಟ ಅಳತೆಯನ್ನು ಯಾರೂ ಮುಟ್ಟಿರಲಿಲ್ಲ.

ತಿಳಿ ಆಕಾಶ, ಒಂದೇ ಗೆರೆಯ ದಿಗಂತ. ಮಕ್ತುಮಸಾಬ ಕುರ್ಚಿಯ ಕೈಗಳನ್ನು ಬಿಗಿಹಿಡಿದು ನೋಡಿದ. ಇಲ್ಲೇ ಎಲ್ಲೋ ಇದೆ ಎಂದು ತಿಳಿದೂ ನೋಡಿದ. ರೆಪ್ಪೆ ಬಡಿಯಬಾರದೆಂದು ನೋಡಿದ. ಕಣ್ಣಲ್ಲಿ ನೀರು ಬಂತು. ಏನೂ ಕಾಣಲಿಲ್ಲ. ಚಿತ್ರ ಕಡೆಗಳಿಗೆಗೆ ಬಂದಾಗ, ಅಂಚಿನ ಹಿಂದಿನಿಂದ ಒಮ್ಮೆಗೇ ಕಪ್ಪು ಉಕ್ಕಿ ಬಂದು ಪರದೆ ತುಂಬಿತು. ಅವನು ಬೆಚ್ಚಿ ಹಿಂದಕ್ಕೆ ಸರಿದ.

ದಾನಮ್ಮ ಮುಂದೆ ಬಂದು ಅಳತೆಯನ್ನು ಸೊನ್ನೆಗೆ ಇಳಿಸಿದಳು. ದಿಗಂತ ನಾಲ್ಕು ಕಡೆ ಮುರಿದು ಮೆಟ್ಟಿಲಾಯಿತು. ತಮ್ಮ ಸಹಿಸದೇ ಹೋದ ಆ ಮುರುಕು ಆಕಾಶದಲ್ಲಿ, ಎಡಗಡೆ, ಮೊದಲಿನಿಂದಲೂ ಕಪ್ಪು ಕಾಳು ನಿಂತಿತ್ತು.

‘ಇಷ್ಟು ಆಕಾಶ ನನ್ನ ತಮ್ಮ ಮುಚ್ಚಿದ್ದ, ಅಣ್ಣಾರ,’ ಎಂದಳು. ‘ಆ ನೋಟ ಇಲ್ಲಿ ನೋಡಾಕ ಕಲೀಲೇ ಇಲ್ಲ. ಅದು ನೋಡದ್ದನ್ನ ನಿಮ್ಮ ಕಣ್ಣಿಗೆ ಕಳಸಲೂ ಇಲ್ಲ. ಕಣ್ಣು ಮುಚ್ಚಿದಾಂವ ನೀವಲ್ಲ.’

ಮಕ್ತುಮಸಾಬ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿದ್ದವು. ಕೆಳಗಿನ ಗಿರಣಿಯ ಧೂಳು ಎಂದಿನಂತೆ ಮೇಲೆದ್ದು ಬಂದು ಆ ಕನ್ನಡಕದ ಗಾಜಿನ ಮೇಲೂ ಬೆಳ್ಳಗೆ ಕೂತಿತು.

ಕಾಶವ್ವ ಅದನ್ನು ಎತ್ತಿಕೊಂಡಳು. ಸೆರಗಿನ ಚುಂಗಿನಿಂದ ಒಂದು ಗಾಜು ಒರೆಸಿದಳು, ಬೆಳಕಿಗೆ ಹಿಡಿದು ನೋಡಿದಳು. ಇನ್ನೊಂದು ಗಾಜು ಒರೆಸಿದಳು. ಅವನು ಮುಖದಿಂದ ಕೈ ತೆಗೆಯುವ ತನಕ ಕಾದಳು.

‘ನೀ ನೋಡಾಕತ್ತಿದ್ದಿ, ಮಗಾ,’ ಎಂದಳು. ‘ಕಾಣಲಿಲ್ಲ, ಅಷ್ಟ.’

ಹಾಗೆಂದು ಕನ್ನಡಕವನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಿಚಿದಳು.